ಮರ್ಕ್ಯುರಿಯ ಕೆಳಗೆ ತಾನಿತ್: ಅಚ್ಚಿನ ಮೇಲೆ ಅಚ್ಚು ಬಿದ್ದ ಒಂದು ರೋಮನ್ ನಾಣ್ಯ

ಕೆಲವು ರೋಮನ್ ಕಂಚಿನ ನಾಣ್ಯಗಳನ್ನು ನೋಡಿದರೆ ಯಾರಿಗಾದರೂ ಇದು ಕೆಟ್ಟುಹೋದ ಮಾಲು ಅನ್ನಿಸುತ್ತದೆ. ಮುಖದ ಮೇಲೆ ಏನೋ ಗೆರೆ, ಹಡಗಿನ ಮೇಲೆ ಏನೋ ಉಬ್ಬು, ಅಂಚಿನಲ್ಲಿ ಸಂಬಂಧವೇ ಇಲ್ಲದ ಚುಕ್ಕೆಗಳು. ನಾನು ಹುಡುಕಿಕೊಂಡು ಹೋಗುವುದು ಅಂಥವನ್ನೇ. ಯಾಕಂದರೆ ಅವು ಒಂದು ನಾಣ್ಯವಲ್ಲ, ಎರಡು. ಬೇರೆ ಯಾರದೋ ಹಳೆ ನಾಣ್ಯವನ್ನೇ ಬಿಲ್ಲೆಯಾಗಿ ಇಟ್ಟುಕೊಂಡು ರೋಮನ್ನರು ಅದರ ಮೇಲೆ ತಮ್ಮ ಅಚ್ಚು ಹೊಡೆದಿದ್ದಾರೆ. ಸಂಗ್ರಾಹಕರು ಇದನ್ನು ಓವರ್‌ಸ್ಟ್ರೈಕ್ ಅನ್ನುತ್ತಾರೆ. ಕೆಳಗೆ ಸಿಕ್ಕಿಹಾಕಿಕೊಂಡ ಹಳೆ ನಾಣ್ಯ ಅಂಡರ್‌ಟೈಪ್. ಮೇಲಿನದನ್ನು ಗುರುತಿಸುವುದು ಸುಲಭ. ಕೆಳಗಿನದನ್ನು ಗುರುತಿಸುವುದರಲ್ಲೇ ಇರುವುದು ಎಲ್ಲ ಖುಷಿ.

ಈ ಪದ್ಧತಿಯ ಪರಿಚಯ ನನಗೆ ಆಗಿದ್ದು ರೋಮ್‌ನಿಂದಲ್ಲ, ನಮ್ಮ ಊರಿನಿಂದ. ನಾನು ಚಿತ್ರದುರ್ಗದವಳು. ಶಾಲೆಯಲ್ಲಿ ಇತಿಹಾಸ ಹೇಳುತ್ತಿದ್ದ ಮೇಷ್ಟ್ರು ನಮ್ಮನ್ನು ಚಂದ್ರವಳ್ಳಿಗೆ ಕರೆದುಕೊಂಡು ಹೋಗಿ, ಶಾತವಾಹನರ ನಾಣ್ಯಗಳೂ ರೋಮನ್ ಬೆಳ್ಳಿ ನಾಣ್ಯಗಳೂ ಈ ಮಣ್ಣಿನಲ್ಲೇ ಸಿಕ್ಕಿವೆ ಅಂತ ತೋರಿಸಿದ್ದರು. ಜೋಗಲ್‌ಥೆಂಬಿಯ ಕಥೆ ಹೇಳಿದ್ದೂ ಅವರೇ. ನಾಸಿಕ್ ಹತ್ತಿರದ ಆ ಹಳ್ಳಿಯಲ್ಲಿ 1906ರಲ್ಲಿ ಕ್ಷತ್ರಪ ನಹಪಾಣನ ಬೆಳ್ಳಿ ನಾಣ್ಯಗಳ ದೊಡ್ಡ ನಿಧಿ ಸಿಕ್ಕಿತು. 13,000ಕ್ಕೂ ಜಾಸ್ತಿ. ಅದರಲ್ಲಿ 9,000ಕ್ಕೂ ಹೆಚ್ಚು ನಾಣ್ಯಗಳ ಮೇಲೆ ಅವನನ್ನು ಸೋಲಿಸಿದ ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿ ತನ್ನ ಮುದ್ರೆ ಹೊಡೆಸಿದ್ದಾನೆ. ನಹಪಾಣನ ಮುಖದ ಮೇಲೆ ಮೂರು ಕಮಾನಿನ ಬೆಟ್ಟ, ಇನ್ನೊಂದು ಬದಿಗೆ ಉಜ್ಜಯಿನಿ ಚಿಹ್ನೆ. ಸೋತವನ ದುಡ್ಡು ಗೆದ್ದವನ ದುಡ್ಡಾಯಿತು.

ನಮ್ಮ ಕಡೆ ಸಿಕ್ಕಿರುವ ರೋಮನ್ ನಾಣ್ಯಗಳು ಹೆಚ್ಚಾಗಿ ಬೆಳ್ಳಿ, ಚಿನ್ನ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕಿದ ನಿಧಿಯೂ ಬೆಳ್ಳಿಯದೇ. ನಾನು ಹೇಳಹೊರಟಿರುವುದು ಅದಕ್ಕಿಂತ ಹಳೆಯ ಕಂಚು. ಅದನ್ನು ನಾನು ಕೈಯಲ್ಲಿ ಹಿಡಿದದ್ದು ಕೆಲಸಕ್ಕೆ ಅಂತ ಲಂಡನ್‌ಗೆ ಬಂದ ಮೇಲೆ.

ರೋಮ್‌ಗೂ ಉತ್ತರ ಆಫ್ರಿಕದ ಕಾರ್ಥೇಜ್‌ಗೂ ನಡೆದ ಎರಡನೇ ಪ್ಯೂನಿಕ್ ಯುದ್ಧದ ಕಾಲ ಅದು. ಕ್ರಿ.ಪೂ. 218ರಲ್ಲಿ ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್ ಆಲ್ಪ್ಸ್ ದಾಟಿ ಇಟಲಿಗೆ ಇಳಿದ. 216ರಲ್ಲಿ ಕ್ಯಾನೆಯಲ್ಲಿ ರೋಮನ್ ಸೈನ್ಯವನ್ನು ನುಚ್ಚುನೂರು ಮಾಡಿದ. ರೋಮ್‌ನ ಖಜಾನೆ ಬರಿದಾಯಿತು. ಅವರ ಮೂಲ ಕಂಚಿನ ನಾಣ್ಯ ‘ಆಸ್’ ಮೊದಲು ಸುಮಾರು ಒಂದು ರೋಮನ್ ಪೌಂಡ್ ತೂಗುತ್ತಿತ್ತು, ಅಂದರೆ ಹತ್ತಿರ ಹತ್ತಿರ 324 ಗ್ರಾಮ್. ಯುದ್ಧದ ಒತ್ತಡದಲ್ಲಿ ಅದು ಕುಗ್ಗುತ್ತಾ ಹೋಗಿ, 211ರ ಸುಮಾರಿಗೆ ಆರನೇ ಒಂದು ಭಾಗಕ್ಕೆ, ಸುಮಾರು 54 ಗ್ರಾಮ್‌ಗೆ ಇಳಿಯಿತು. ಸಿಸಿಲಿಯಲ್ಲಿ ಸೈನ್ಯ, ಸಾರ್ಡೀನಿಯದಲ್ಲಿ ಸೈನ್ಯ, ಸಮುದ್ರದಲ್ಲಿ ಹಡಗುಗಳು. ಎಲ್ಲರಿಗೂ ಸಂಬಳ ಕೊಡಬೇಕು. ಹಳೆ ಕಂಚು ಕರಗಿಸಿ, ಎರಕ ಹೊಯ್ದು, ಬಿಲ್ಲೆ ಮಾಡಿ, ಆಮೇಲೆ ಅಚ್ಚು ಹೊಡೆಯಬೇಕಾದರೆ ಸೌದೆ ಬೇಕು, ಜನ ಬೇಕು, ಸಮಯ ಬೇಕು. ಅದರ ಬದಲು ಆ ಜಾಗದಲ್ಲೇ ಚಲಾವಣೆಯಲ್ಲಿದ್ದ ನಾಣ್ಯವನ್ನು ಕಾಯಿಸಿ ಅದರ ಮೇಲೇ ಹೊಡೆದುಬಿಟ್ಟರೆ ಆಯಿತು. ಸಿಸಿಲಿಯಲ್ಲಿ ಸಿರಕ್ಯೂಸ್‌ನ ರಾಜ ಎರಡನೇ ಹಿಯೆರೋನ್‌ನ ನಾಣ್ಯಗಳು ಹೀಗೆ ರೋಮನ್ ಆದವು. ಸಾರ್ಡೀನಿಯದಲ್ಲಿ ಕಾರ್ಥೇಜ್ ಕಡೆಯವು.

ನನ್ನ ನಾಣ್ಯ ಸಿಕ್ಕಿದ್ದು ಒಂದು ನಾಣ್ಯ ಮೇಳದಲ್ಲಿ, ಅಗ್ಗದ ಟ್ರೇಯೊಂದರ ಮೂಲೆಯಲ್ಲಿ. ಚೀಟಿಯಲ್ಲಿ ‘ಸೆಕ್ಸ್ಟಾನ್ಸ್, ಅಚ್ಚು ಸರಿಯಾಗಿ ಬಿದ್ದಿಲ್ಲ’ ಅಂತ ಬರೆದಿತ್ತು. ಸೆಕ್ಸ್ಟಾನ್ಸ್ ಅಂದರೆ ಆಸ್‌ಗಿಂತ ಚಿಕ್ಕ ಕಂಚಿನ ನಾಣ್ಯ. ವ್ಯಾಪಾರಿ ವಯಸ್ಸಾದವರು, ಒಳ್ಳೆಯವರು. “ಇದಕ್ಕಿಂತ ಚೆನ್ನಾಗಿರೋದು ಪಕ್ಕದ ಟ್ರೇಯಲ್ಲಿದೆ, ನೋಡಿ” ಅಂದರು. ನನಗೆ ಇದೇ ಬೇಕು ಅಂದೆ. ಅವರು ಭೂತಗನ್ನಡಿಯನ್ನು ನನ್ನ ಕಡೆ ತಳ್ಳಿದರು.

ಕೊಳ್ಳುವ ಮೊದಲು ನಾನು ನೋಡುವುದು ಇಷ್ಟು. ಅನುಮಾನದ ಗೆರೆ ಉಬ್ಬಿದೆಯೋ, ತಗ್ಗಾಗಿದೆಯೋ? ಅಂಡರ್‌ಟೈಪಿನ ಗುರುತು ಉಬ್ಬಾಗಿ ಉಳಿಯುತ್ತದೆ, ಏಕೆಂದರೆ ಅದೂ ಒಂದು ನಾಣ್ಯವೇ ಆಗಿತ್ತು. ಗೆರೆ ಒಳಕ್ಕೆ ಇಳಿದಿದ್ದರೆ ಅದು ತುಕ್ಕು ತಿಂದ ಜಾಗವಿರಬಹುದು, ಅಥವಾ ಬೇರೊಂದು ನಾಣ್ಯ ಅಂಟಿಕೊಂಡಾಗ ಬಿದ್ದ ತಿರುಗುಮುರುಗು ಗುರುತಿರಬಹುದು. ಇನ್ನೊಂದು, ಎರಡು ಪೆಟ್ಟು ಬಿದ್ದ ನಾಣ್ಯ. ಬಿಲ್ಲೆ ಸ್ವಲ್ಪ ಜರುಗಿ ಅದೇ ಅಚ್ಚು ಎರಡು ಸಲ ಬಿದ್ದರೆ ಒಂದೇ ಮೂಗು ಎರಡು ಕಡೆ ಕಾಣುತ್ತದೆ. ಅದು ಓವರ್‌ಸ್ಟ್ರೈಕ್ ಅಲ್ಲ. ಓವರ್‌ಸ್ಟ್ರೈಕ್‌ನಲ್ಲಿ ಕಾಣುವುದು ಆ ಚಿತ್ರಕ್ಕೆ ಸೇರದೇ ಇರುವ ವಸ್ತು.

ಎಲ್ಲಕ್ಕಿಂತ ಮುಖ್ಯವಾದದ್ದು, ಯಾರಾದರೂ ನಾಣ್ಯವನ್ನು ಉಜ್ಜಿ ನುಣುಪು ಮಾಡಿದ್ದಾರಾ ಅನ್ನುವುದು. ನಾಣ್ಯ ಅಂದವಾಗಿ ಕಾಣಲಿ ಅಂತ ಸಣ್ಣ ಉಳಿಯಲ್ಲಿ ಬಯಲು ಭಾಗವನ್ನು ಕೆರೆದು ಸಮ ಮಾಡುವವರಿದ್ದಾರೆ. ಅವರು ‘ಕೊಳೆ’ ಅಂತ ತೆಗೆದುಹಾಕುವುದು ಎಷ್ಟೋ ಸಲ ಅಂಡರ್‌ಟೈಪಿನ ಕೊನೆಯ ಕುರುಹು. 2,200 ವರ್ಷ ಉಳಿದು ಬಂದ ಸಾಕ್ಷಿಯನ್ನು ಅರ್ಧ ಗಂಟೆಯಲ್ಲಿ ಅಳಿಸಿಬಿಡುತ್ತಾರೆ. ಇದು ನನಗೆ ನಿಜಕ್ಕೂ ಸಿಟ್ಟು ಬರಿಸುತ್ತದೆ. ನನ್ನ ನಾಣ್ಯದ ಮೇಲೆ ಹಸಿರು ಮಿಶ್ರಿತ ಕಂದು ಕಿಲುಬು ಒಂದೇ ಸಮನೆ ಇತ್ತು, ಉಳಿಯ ಗೀರು ಎಲ್ಲೂ ಇರಲಿಲ್ಲ.

ಮೊದಲು ಯಾರ ಬಳಿ ಇತ್ತು ಅನ್ನುವುದಕ್ಕೆ ಕಾಗದವನ್ನೂ ಕೇಳಿದೆ. ಇಟಲಿಯಲ್ಲಿ ನೆಲದಡಿ ಸಿಕ್ಕಿದ್ದು ಸರ್ಕಾರದ್ದು, 1909ರಿಂದಲೂ ಕಾನೂನು ಹಾಗೇ ಇದೆ. ಇಂಗ್ಲೆಂಡಿನ ಹಳೆಯ ಸಂಗ್ರಹವೊಂದರಿಂದ ಬಂದದ್ದು ಅಂತ ತೋರಿಸುವ ಹಳೆ ಲಕೋಟೆ, ರಸೀದಿ ಎರಡೂ ಇದ್ದವು. ಅವಿಲ್ಲದಿದ್ದರೆ ನಾನು ಕೊಳ್ಳುತ್ತಿರಲಿಲ್ಲ.

ಮನೆಗೆ ತಂದ ಮೇಲೆ ತೊಳೆಯಲಿಲ್ಲ. ಕಂಚಿನಲ್ಲಿ ಕ್ಲೋರೈಡ್ ಸೇರಿಕೊಂಡಿದ್ದರೆ ತೇವ ತಾಗಿದಾಗ ತಿಳಿ ಹಸಿರು ಪುಡಿ ಏಳುತ್ತದೆ, ಲೋಹವನ್ನು ಒಳಗಿಂದಲೇ ತಿನ್ನುತ್ತದೆ. ಅಂಥ ಪುಡಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಟ್ಟೆ.

ಮೊದಲ ಸುಳಿವು ಕೊಟ್ಟಿದ್ದು ತಕ್ಕಡಿ. ಆಸ್ 54 ಗ್ರಾಮ್ ಆದರೆ ಅದರ ಆರನೇ ಒಂದು ಭಾಗವಾದ ಸೆಕ್ಸ್ಟಾನ್ಸ್ 9 ಗ್ರಾಮ್ ಇರಬೇಕು, ಅಲ್ವಾ? ನನ್ನದು 6 ಗ್ರಾಮ್‌ಗೂ ಸ್ವಲ್ಪ ಕಡಿಮೆ. ಸವೆದಿದೆ ಅನ್ನೋಣವೆಂದರೆ ಅಷ್ಟೊಂದು ಸವೆದಿಲ್ಲ. ಇಂಥ ನಾಣ್ಯದ ತೂಕ ರೋಮ್ ನಿಗದಿ ಮಾಡಿದ್ದಲ್ಲ, ಕೆಳಗಿನ ನಾಣ್ಯ ಹೊತ್ತು ತಂದದ್ದು. ಅಂಚೂ ಅದನ್ನೇ ಹೇಳುತ್ತಿತ್ತು. ನೆಟ್ಟಗಿರದೆ ಒಂದು ಕಡೆಗೆ ಇಳಿಜಾರಾಗಿತ್ತು. ಕಾರ್ಥೇಜ್ ಕಡೆಯ ಎರಕದ ಬಿಲ್ಲೆಗಳಲ್ಲಿ ಇಂಥ ಅಂಚು ಸಾಮಾನ್ಯ.

ಆಮೇಲೆ ಚಿತ್ರ. ಊರಿನಲ್ಲಿರುವ ನಮ್ಮ ಮೇಷ್ಟ್ರಿಗೆ ಫೋಟೋ ಕಳಿಸಿ ಫೋನ್ ಮಾಡಿದೆ. ರೋಮನ್ ಕಂಚು ಅವರ ವಿಷಯವಲ್ಲ. ಆದರೆ ನಹಪಾಣನ ನಾಣ್ಯ ಓದಿದವರಿಗೆ ಈ ಕೆಲಸದ ರೀತಿ ಗೊತ್ತು. “ನೋಡಮ್ಮಾ, ಕೆಳಗಿನದಕ್ಕೆ ಅವಸರ ಮಾಡ್ಬೇಡ. ಮೊದಲು ಮೇಲಿನದನ್ನ ಪೂರ್ತಿ ಓದಿ ಮುಗಿಸು. ಒಂದೊಂದು ಗೆರೆಗೂ ಲೆಕ್ಕ ಕೊಡು. ಲೆಕ್ಕಕ್ಕೆ ಸಿಗದೆ ಏನು ಉಳಿಯುತ್ತೋ ಅದು ಇನ್ನೊಂದು ನಾಣ್ಯ” ಅಂದರು. “ಆಗ್ಲಿ ಸರ್” ಅಂದೆ. ನಾನು ಈಗಲೂ ಅನುಸರಿಸುವ ಕ್ರಮ ಅದೇ.

ಮೇಲಿನದನ್ನು ಓದಿದೆ. ಮುಂಬದಿಯಲ್ಲಿ ರೆಕ್ಕೆಯ ಟೋಪಿ ಹಾಕಿದ ರೋಮನ್ ದೇವರು ಮರ್ಕ್ಯುರಿ, ಬಲಕ್ಕೆ ಮುಖ. ತಲೆಯ ಮೇಲೆ ಎರಡು ಚುಕ್ಕೆ ಇರಬೇಕು, ಸೆಕ್ಸ್ಟಾನ್ಸ್‌ನ ಬೆಲೆಯ ಗುರುತು ಅದು. ಹಿಂಬದಿಯಲ್ಲಿ ಹಡಗಿನ ಮುಂಭಾಗ, ಅದೂ ಬಲಕ್ಕೆ. ಮೇಲೆ ‘ರೋಮಾ’ ಎಂಬ ಅಕ್ಷರಗಳು, ಕೆಳಗೆ ಮತ್ತೆ ಎರಡು ಚುಕ್ಕೆ. ಹಡಗಿನ ಮೂತಿಯ ಮುಂದೆ ಒಂಟಿ ‘ಸಿ’ ಅಕ್ಷರ. ಈ ‘ಸಿ’ ಬಹಳ ದೊಡ್ಡ ಸುಳಿವು. ರೋಮನ್ ಗಣರಾಜ್ಯದ ನಾಣ್ಯಗಳಿಗೆ ಮೈಕೆಲ್ ಕ್ರಾಫರ್ಡ್ ಅವರ 1974ರ ಪಟ್ಟಿಯನ್ನೇ ಇಂದಿಗೂ ಎಲ್ಲರೂ ಬಳಸುತ್ತಾರೆ. ಅದರಲ್ಲಿ ಇದು 63ನೇ ಸಂಖ್ಯೆ, ಸಾರ್ಡೀನಿಯದ್ದು. 64ರಲ್ಲಿ ‘ಎಂ’ ‘ಎ’, 65ರಲ್ಲಿ ‘ಎ’ ‘ವಿ’ ‘ಆರ್’. ಇವು ಆ ದ್ವೀಪವನ್ನು ಆಳಿದ ಪ್ರೀಟರ್‌ಗಳ, ಅಂದರೆ ರೋಮನ್ ಅಧಿಕಾರಿಗಳ, ಹೆಸರಿನ ಮೊದಲಕ್ಷರಗಳು ಅನ್ನುವುದು ಕ್ರಾಫರ್ಡ್ ಅವರ ಅಭಿಪ್ರಾಯ: 211ರಲ್ಲಿ ಲೂಸಿಯಸ್ ಕಾರ್ನೆಲಿಯಸ್, 210ರಲ್ಲಿ ಪಬ್ಲಿಯಸ್ ಮಾನ್ಲಿಯಸ್ ವುಲ್ಸೋ, 209ರಲ್ಲಿ ಗೈಯಸ್ ಅವ್ರುಂಕುಲೆಯಸ್. ಒಂದಾದ ಮೇಲೊಂದು ವರ್ಷ. ಮೂರು ಹೆಸರೂ ಅಕ್ಷರಕ್ಕೆ ಸರಿಯಾಗಿ ಕೂರುತ್ತವೆ.

ಹಾಗಾದರೆ ಲೆಕ್ಕಕ್ಕೆ ಸಿಗದೆ ಉಳಿದದ್ದೇನು?

ಕೋಣೆಯ ದೀಪ ಆರಿಸಿ, ಮೇಜಿನ ಮೇಲೆ ಒಂದೇ ಸಣ್ಣ ದೀಪವನ್ನು ನಾಣ್ಯದ ಮಟ್ಟಕ್ಕೇ ತಂದಿಟ್ಟೆ. ಬೆಳಕು ಪಕ್ಕದಿಂದ ಬಂದರೆ ಕೂದಲೆಳೆಯಷ್ಟು ಉಬ್ಬಿಗೂ ನೆರಳು ಬೀಳುತ್ತದೆ. ದೀಪವನ್ನು ಅಲ್ಲೇ ಬಿಟ್ಟು ನಾಣ್ಯವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಪ್ರತಿ ತಿರುವಿಗೂ ಫೋಟೋ ತೆಗೆದೆ. ಒಂದು ಕೋನದಲ್ಲಿ ಏನೂ ಕಾಣದ ಜಾಗ ಇನ್ನೊಂದು ಕೋನದಲ್ಲಿ ಎದ್ದು ಬರುತ್ತದೆ. ಎಲ್ಲಿ ಹುಡುಕಬೇಕು ಅನ್ನುವುದೂ ಗೊತ್ತಿರಬೇಕು. ಅಚ್ಚಿನ ಚಪ್ಪಟೆ ಭಾಗ ಹಳೆ ಉಬ್ಬುಗಳನ್ನು ಅಪ್ಪಚ್ಚಿ ಮಾಡುತ್ತದೆ. ಆಳವಾಗಿ ಕೊರೆದ ಭಾಗಕ್ಕೆ ಲೋಹ ಪೂರ್ತಿ ಏರದಿದ್ದರೆ ಹಳೆ ಗೆರೆ ಅಲ್ಲಿ ಹಾಗೇ ಉಳಿಯುತ್ತದೆ. ಅದಕ್ಕೇ ಹೊಸ ಚಿತ್ರದ ಅತಿ ಎತ್ತರದ ಜಾಗಗಳಾದ ಕೆನ್ನೆ, ಕತ್ತು, ಹಡಗಿನ ಹೊಟ್ಟೆ, ಇವನ್ನು ಮೊದಲು ನೋಡಬೇಕು. ಆಮೇಲೆ ಪೆಟ್ಟು ಸರಿಯಾಗಿ ತಾಗದ ಅಂಚುಗಳು.

ಮರ್ಕ್ಯುರಿಯ ತಲೆಯ ಮೇಲೆ ಎರಡು ಚುಕ್ಕೆ ಇದ್ದವು. ಅವುಗಳ ಆಚೆ, ಅಂಚಿಗೆ ಹತ್ತಿರ, ಇನ್ನೂ ಕೆಲವು ಚುಕ್ಕೆಗಳು. ಬೆಲೆಯ ಚುಕ್ಕೆಗಳು ದಪ್ಪ, ಗುಂಡಗೆ. ಇವು ಚಿಕ್ಕವು, ಒಂದೇ ಗಾತ್ರ, ಒತ್ತೊತ್ತಾಗಿ ಬಾಗಿದ ಸಾಲಿನಲ್ಲಿವೆ. ನಾಣ್ಯದ ಅಂಚಿನ ಚುಕ್ಕೆಬಳೆಯ ತುಂಡಿರಬಹುದಾ? ಆ ಬಳೆ ನಾಣ್ಯದ ಸುತ್ತಿಗೆ ಹೊಂದಿಕೊಂಡು ಬಾಗಬೇಕು. ಈ ಸಾಲು ಬಾಗಿದ್ದು ಅದಕ್ಕೆ ವಿರುದ್ಧವಾಗಿ. ನಾಣ್ಯವನ್ನು ತಲೆಕೆಳಗು ಮಾಡಿದೆ. ಆಗ ಅದು ಸ್ಪಷ್ಟವಾಯಿತು. ಅದು ಒಂದು ಹೆಣ್ಣಿನ ಕೊರಳಿನ ಮಣಿಸರ. ಸರ ಸಿಕ್ಕ ಮೇಲೆ ಮಿಕ್ಕದ್ದು ತಾನಾಗೇ ಬಂತು. ಮರ್ಕ್ಯುರಿಯ ಕೆನ್ನೆಯ ಮೇಲೆ ಓರೆಯಾಗಿ ಹೋಗಿದ್ದ ಎರಡು ಗೆರೆ, ಅವಳ ಜಡೆಗೂದಲಿನ ಅಲೆ. ಅವನ ಗಲ್ಲದ ಕೆಳಗೆ ಚೂಪಾಗಿ ನಿಂತ ಎರಡು ಮೊನೆ, ಅವಳು ಮುಡಿದ ತೆನೆಯ ಎಲೆಗಳು.

ತೆನೆ ಮುಡಿದು ಎಡಕ್ಕೆ ನೋಡುವ ಈ ದೇವಿ ಕಾರ್ಥೇಜಿನ ತಾನಿತ್. ಸಾರ್ಡೀನಿಯದ ಪ್ಯೂನಿಕ್, ಅಂದರೆ ಕಾರ್ಥೇಜ್ ಕಡೆಯ, ನಾಣ್ಯಗಳ ಮೇಲೆ ಅವಳೇ ಇರುವುದು. ಆದರೆ ಅಷ್ಟರಿಂದ ಕೆಲಸ ಮುಗಿಯುವುದಿಲ್ಲ. ಅವಳ ಮುಖವಿರುವ ನಾಣ್ಯಗಳಲ್ಲಿ ಹಲವು ಬಗೆ. ಹಿಂಬದಿಯಲ್ಲಿ ಕುದುರೆಯ ತಲೆ ಇರುವುದು ಒಂದು. ಮೂರು ತೆನೆ, ಅವುಗಳ ಮೇಲೆ ಅರ್ಧಚಂದ್ರ ಇರುವುದು ಇನ್ನೊಂದು. ನಿಂತ ಗೂಳಿ, ಅದರ ಬೆನ್ನಿನ ಮೇಲೆ ನಕ್ಷತ್ರ ಇರುವುದು ಮತ್ತೊಂದು. ತೀರ್ಮಾನ ಆಗಬೇಕಾದದ್ದು ಹಿಂಬದಿಯಲ್ಲಿ.

ಇಲ್ಲೊಂದು ಉಪಯೋಗದ ವಿಷಯವಿದೆ. ಪ್ಯೂನಿಕ್ ನಾಣ್ಯಗಳಲ್ಲಿ ಬಹುಮಟ್ಟಿಗೆ ಎರಡೂ ಬದಿಯ ಚಿತ್ರಗಳ ಮೇಲ್ತುದಿ ಒಂದೇ ದಿಕ್ಕಿಗಿರುತ್ತದೆ. ನನ್ನ ನಾಣ್ಯದಲ್ಲಿ ರೋಮನ್ ಚಿತ್ರಗಳೂ ಹೆಚ್ಚುಕಮ್ಮಿ ಹಾಗೇ ಕೂತಿದ್ದವು. ಅಂದಮೇಲೆ ಮರ್ಕ್ಯುರಿಯ ಕೆಳಗೆ ತಾನಿತ್ ತಲೆಕೆಳಗಾಗಿದ್ದರೆ, ಹಡಗಿನ ಕೆಳಗಿನ ಚಿತ್ರವೂ ತಲೆಕೆಳಗಾಗಿಯೇ ಇರಬೇಕು. ನೋಡುವ ಮೊದಲೇ ಏನು ಎಲ್ಲಿರಬೇಕು ಅಂತ ಕಾಗದದ ಮೇಲೆ ಬರೆದುಕೊಂಡೆ. ಗೂಳಿಯಾದರೆ ಅದರ ಕಾಲುಗಳು ಮೇಲೆ, ‘ರೋಮಾ’ ಅಕ್ಷರಗಳ ನಡುವೆ. ಬೆನ್ನು ಹಡಗಿನ ತಳದ ಹತ್ತಿರ. ನಕ್ಷತ್ರ ಕೆಳಗೆ, ಎರಡು ಚುಕ್ಕೆಗಳ ಪಕ್ಕದಲ್ಲಿ.

‘ರೋಮಾ’ದ ಅಕ್ಷರಗಳ ನಡುವೆ ಎರಡು ನೆಟ್ಟ ಗೆರೆಗಳಿದ್ದವು, ಯಾವ ಅಕ್ಷರಕ್ಕೂ ಸೇರದವು. ಅವು ಗೂಳಿಯ ಕಾಲೂ ಆಗಬಹುದು, ತೆನೆಯ ದಂಟೂ ಆಗಬಹುದು. ಹಾಗಾಗಿ ಎಲ್ಲವೂ ಕೆಳಗಿನ ಮೂಲೆಯ ಮೇಲೆ ನಿಂತಿತು. ಅರ್ಧಚಂದ್ರವೋ, ನಕ್ಷತ್ರವೋ? ಬೆಳಕನ್ನು ಎಡಗಡೆಯಿಂದ ಹಾಯಿಸಿದಾಗ ಬಲ ಚುಕ್ಕೆಯ ಪಕ್ಕದಲ್ಲಿ ಒಂದು ಪುಟ್ಟ ಗಂಟು, ಅದರಿಂದ ಹೊರಟ ಮೂರು ಕಡ್ಡಿ ಕಂಡವು. ಮಿಕ್ಕವು ಚುಕ್ಕೆಯ ಕೆಳಗೆ ಮುಚ್ಚಿಹೋಗಿವೆ. ಬಾಗಿದ ಗೆರೆ ಯಾವುದೂ ಇಲ್ಲ. ಕುದುರೆಯ ತಲೆಗೆ ಬೇಕಾದ ಉದ್ದ ಕತ್ತಿನ ಗೆರೆಯೂ ಇಲ್ಲ. ನಕ್ಷತ್ರವೇ. ಆಗಿನ ಸಂತೋಷ ಇಷ್ಟು ದಿನವಾದರೂ ನನ್ನಲ್ಲಿ ಹಾಗೇ ಇದೆ.

ಆದರೂ ಕಣ್ಣಿಗೆ ಬೇಕಾದದ್ದೇ ಕಾಣುವ ಅಪಾಯ ಈ ಕೆಲಸದಲ್ಲಿ ಯಾವಾಗಲೂ ಇದೆ. ಹಾಗಾಗಿ ಪಾರದರ್ಶಕ ಹಾಳೆಯ ಪರೀಕ್ಷೆ ಮಾಡಿದೆ. ಚೆನ್ನಾಗಿ ಉಳಿದಿರುವ ಗೂಳಿ ನಾಣ್ಯದ ಫೋಟೋವನ್ನು ನನ್ನ ನಾಣ್ಯದ ಫೋಟೋದಷ್ಟೇ ಅಳತೆಗೆ ತಂದು, ಹಾಳೆಯ ಮೇಲೆ ಅದರ ಗೆರೆಗಳನ್ನು ಎಳೆದೆ. ನನ್ನ ಫೋಟೋದ ಮೇಲಿಟ್ಟು ತಿರುಗಿಸಿದೆ. ಎಲ್ಲ ಗೆರೆಯೂ ಒಂದೇ ತಿರುವಿನಲ್ಲಿ ಒಟ್ಟಿಗೆ ಕೂರಬೇಕು. ಕಾಲು ಕೂತಾಗ ನಕ್ಷತ್ರ ಜಾರಿದರೆ ಊಹೆ ಸುಳ್ಳು. ಇಲ್ಲಿ ಎರಡೂ ಕೂತವು. ಈಗ ಫೋನಿನಲ್ಲೇ ಒಂದು ಚಿತ್ರವನ್ನು ಅರೆಪಾರದರ್ಶಕ ಮಾಡಿ ಇನ್ನೊಂದರ ಮೇಲೆ ಕೂರಿಸಬಹುದು. ಆದರೆ ಕೈಯಲ್ಲಿ ಗೆರೆ ಎಳೆಯುವಾಗ ಕಣ್ಣು ನಿಧಾನಿಸುತ್ತದೆ, ಅದಕ್ಕೇ ನನಗೆ ಹಾಳೆಯೇ ಇಷ್ಟ.

ಕೊನೆಗೆ ಬ್ರಿಟಿಷ್ ಮ್ಯೂಸಿಯಂನ ನಾಣ್ಯ ವಿಭಾಗಕ್ಕೆ ಬರೆದು, ಸಮಯ ಗೊತ್ತುಮಾಡಿಕೊಂಡು ಹೋದೆ. ಮೊದಲೇ ಹೇಳಿ ಹೋದರೆ ಅಲ್ಲಿ ಯಾರು ಬೇಕಾದರೂ ಕೂತು ನಾಣ್ಯ ನೋಡಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಅಲ್ಲಿನ ಸಾರ್ಡೀನಿಯದ ಟ್ರೇಯನ್ನು ನನ್ನ ನಾಣ್ಯದ ಪಕ್ಕದಲ್ಲಿಟ್ಟುಕೊಂಡು ನೋಡಿದಾಗ ಇದ್ದ ಸ್ವಲ್ಪ ಅನುಮಾನವೂ ಹೋಯಿತು.

ಒಂದು ಸಣ್ಣ ನಕ್ಷತ್ರಕ್ಕೆ ಯಾಕಿಷ್ಟು ಪಾಡು ಅಂದರೆ, ಕೆಳಗಿರುವುದು ಮೊದಲಿನದು, ಮೇಲಿರುವುದು ಆಮೇಲಿನದು. ಇದರಲ್ಲಿ ವಾದಕ್ಕೆ ಜಾಗವೇ ಇಲ್ಲ. ರೋಮ್‌ನ ಈ ಕಾಲದ ನಾಣ್ಯಗಳ ಮೇಲೆ ಇಸವಿ ಇಲ್ಲ. ಬರಹದ ದಾಖಲೆಗಳು ಒಂದಕ್ಕೊಂದು ಹೊಂದುವುದಿಲ್ಲ. ಬೆಳ್ಳಿಯ ದಿನಾರಿಯಸ್ ಶುರುವಾಗಿದ್ದು ಯಾವಾಗ ಅನ್ನುವುದಕ್ಕೇ ದೊಡ್ಡ ಜಗಳ ನಡೆದಿತ್ತು. ಪ್ರಾಚೀನ ರೋಮನ್ ಲೇಖಕ ಪ್ಲಿನಿಯನ್ನು ನಂಬಿದವರು ಕ್ರಿ.ಪೂ. 269 ಅಂದರು. 1932ರಲ್ಲಿ ನಾಣ್ಯತಜ್ಞರಾದ ಮ್ಯಾಟಿಂಗ್ಲಿ ಮತ್ತು ರಾಬಿನ್ಸನ್ ಕ್ರಿ.ಪೂ. 187 ಅಂದರು. ಎಂಬತ್ತು ವರ್ಷದ ಅಂತರ! ಕೊನೆಗೆ ಸಿಸಿಲಿಯ ಮೊರ್ಗಾಂಟಿನಾದಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಅಗೆದಾಗ, 211ರಲ್ಲಿ ಹಾಳಾದ ಊರಿನ ಅವಶೇಷದಡಿ ಈ ಹೊಸ ಬೆಳ್ಳಿ ನಾಣ್ಯಗಳು ಸಿಕ್ಕವು. ಈಗ 211ರ ಸುಮಾರು ಅಂತ ಬಹುತೇಕ ಎಲ್ಲರೂ ಒಪ್ಪುತ್ತಾರೆ. ಅದಕ್ಕೆ ಜೊತೆಯ ಸಾಕ್ಷಿ ಕೊಟ್ಟಿದ್ದು ಇಂಥ ಕಂಚಿನ ನಾಣ್ಯಗಳು. ನಾಣ್ಯತಜ್ಞ ಚಾರ್ಲ್ಸ್ ಹರ್ಷ್ 1953ರಲ್ಲೇ ಓವರ್‌ಸ್ಟ್ರೈಕ್‌ಗಳನ್ನು ಒಟ್ಟುಗೂಡಿಸಿ, ಯಾವುದರ ಮೇಲೆ ಯಾವುದು ಬಿದ್ದಿದೆ ಅನ್ನುವುದರಿಂದಲೇ ಕಾಲದ ಸರಪಳಿ ಕಟ್ಟಲು ಹೊರಟಿದ್ದರು.

ನನ್ನ ನಾಣ್ಯದಲ್ಲೂ ಅಂಥದೊಂದು ಕೊಂಡಿಯಿದೆ. ಕ್ರಿ.ಪೂ. 215ರಲ್ಲಿ ಸಾರ್ಡೀನಿಯದಲ್ಲಿ ಹ್ಯಾಂಪ್ಸಿಕೋರ ಎಂಬವನು ರೋಮ್ ವಿರುದ್ಧ ದಂಗೆ ಎದ್ದ. ಕಾರ್ಥೇಜ್ ಸೈನ್ಯ ಕಳಿಸಿತು. ರೋಮನ್ ಸೇನಾಪತಿ ಟೈಟಸ್ ಮಾನ್ಲಿಯಸ್ ಟೊರ್ಕ್ವಾಟಸ್ ಬಂದು ಎಲ್ಲರನ್ನೂ ಸೋಲಿಸಿದ. ಗೂಳಿ, ನಕ್ಷತ್ರದ ನಾಣ್ಯಗಳು ಆ ದಂಗೆಯ ಹೊತ್ತಿನವು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಹಾಗಿದ್ದರೆ ದಂಗೆಯ ದುಡ್ಡೇ ಕೆಲವೇ ವರ್ಷಗಳಲ್ಲಿ ರೋಮನ್ ಪ್ರೀಟರ್‌ನ ಕೈಗೆ ಬಂದು, ದಂಗೆ ಅಡಗಿಸಿದ ಸೈನ್ಯದ ಸಂಬಳವಾಗಿದೆ. ದೂರದಿಂದ ಬಂದ ಅಂಡರ್‌ಟೈಪುಗಳೂ ಇವೆ. 211ರಲ್ಲಿ ರೋಮನ್ ಸೇನಾಪತಿ ವಲೇರಿಯಸ್ ಲೆವಿನಸ್ ಗ್ರೀಸ್‌ನ ಓಯ್ನಿಯಾಡೆ ಪಟ್ಟಣ ಹಿಡಿದ. ಆ ಪಟ್ಟಣದ ನಾಣ್ಯಗಳ ಮೇಲೆ, ಮನುಷ್ಯಮುಖದ ಗೂಳಿಯಾದ ಅಕಿಲೋಸ್ ನದಿದೇವನ ಮೇಲೆ, ರೋಮನ್ ಅಚ್ಚು ಬಿದ್ದಿರುವ ನಾಣ್ಯಗಳು ಸಿಕ್ಕಿವೆ. ಲೂಟಿ ಎಲ್ಲಿಂದ ಹೊರಟಿತು ಅಂತ ಇತಿಹಾಸಕಾರ ಬರೆದದ್ದನ್ನು ಕಂಚೇ ಹೌದು ಅನ್ನುತ್ತದೆ.

ನನ್ನ ನಾಣ್ಯದ ಜೊತೆಗಿಟ್ಟಿರುವ ಚೀಟಿಯಲ್ಲಿ ಈಗ ಎರಡೂ ನಾಣ್ಯದ ಹೆಸರಿವೆ. ಮೇಲಿನದು, ಕೆಳಗಿನದು, ಎಷ್ಟು ತಿರುಗಿ ಕೂತಿದೆ, ಯಾವ ಕುರುಹು ಎಲ್ಲಿದೆ, ತೂಕ, ಹಳೆ ಸಂಗ್ರಹದ ವಿವರ. ಫೋಟೋಗಳನ್ನು ಬೆಳಕಿನ ದಿಕ್ಕು ಬರೆದೇ ಇಟ್ಟಿದ್ದೇನೆ, ಮುಂದೆ ನೋಡುವವರು ನನ್ನ ಮಾತನ್ನು ಸುಮ್ನೆ ನಂಬಬೇಕಾಗಿಲ್ಲ. ಮೇಷ್ಟ್ರಿಗೂ ಒಂದು ಪ್ರತಿ ಕಳಿಸಿದೆ. “ಮೂರನೇ ಕಡ್ಡಿ ನನಗೆ ಕಾಣಿಸ್ತಿಲ್ಲಮ್ಮ, ಬಲಗಡೆಯಿಂದ ಬೆಳಕು ಬಿಟ್ಟು ಇನ್ನೊಂದು ತೆಗಿ” ಅಂದರು. ತೆಗೆದು ಕಳಿಸಿದ ಮೇಲೆ ಒಪ್ಪಿದರು. ಈಗ ಮೇಜಿನ ಮೇಲಿರುವುದು ಸಿಸಿಲಿಯ ತೆನೆ ಗುರುತಿನ ಸೆಕ್ಸ್ಟಾನ್ಸ್. ಹಡಗಿನ ಹೊಟ್ಟೆಯ ಮೇಲೆ ತ್ರಿಶೂಲದ ಒಂದು ಮೊನೆ ಇದೆ, ಅದರ ಪಕ್ಕದಲ್ಲಿ ಡಾಲ್ಫಿನ್‌ನ ಬೆನ್ನಿನಂಥ ಬಾಗು. ಹಿಯೆರೋನ್‌ನ ಪೊಸೈಡನ್ ನಾಣ್ಯವೇ ಆಗಿದ್ದರೆ ಆ ಸಮುದ್ರದೇವನ ಮುಖ ಇನ್ನೊಂದು ಬದಿಯಲ್ಲಿ, ಮರ್ಕ್ಯುರಿಯ ಟೋಪಿಯ ಹತ್ತಿರ ಸಿಗಬೇಕು. ಮೊದಲು ಮೇಲಿನದನ್ನು ಓದಿ ಮುಗಿಸುತ್ತಿದ್ದೇನೆ.